ಎರಡನೇ ಸೀನು

ಮಂಗಳಚಿತ್ರದವರು ನಮ್ಮ ಗಣಿಯೂರು ಹೊಂಗುಂಡಿಗೆ ಬಂದ ದಿನ ನಾನು ಬಾಗಿಲ ಮುಂದೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದೆ. ಎಪ್ಪತ್ತೊಂದು ವರ್ಷದ ಮುದುಕನಿಗೆ ಅದಕ್ಕಿಂತ ದೊಡ್ಡ ಉದ್ಯೋಗ ಏನಿರುತ್ತದೆ? ಕಾರಿನಿಂದ ಇಳಿದ ಹೆಣ್ಣುಮಗಳೊಬ್ಬಳು ನೇರ ನನ್ನ ಹತ್ತಿರ ಬಂದು, "ಪಿಳ್ಳಪ್ಪನವರು ಅಂದ್ರೆ ನೀವೇನಾ? ಮೂರನೇ ಶಾಫ್ಟಿನ ಗಂಟೆಯವರು?" ಅಂದಳು.

"ಗಂಟೆಯವನು ಆಗಿದ್ದೆ. ಈಗ ಗಂಟೆಯೂ ಇಲ್ಲ, ಶಾಫ್ಟೂ ಇಲ್ಲ. ನಾನು ಮಾತ್ರ ಇದ್ದೀನಿ. ಯಾಕೆ ಅಂತ ಆ ದೇವರನ್ನೇ ಕೇಳ್ಬೇಕು," ಅಂದೆ.

ಅವಳ ಹೆಸರು ಮೇದಿನಿ. ವಿಜ್ಞಾನಿಯಂತೆ. ಮೂವತ್ತು ದಾಟಿರಲಿಕ್ಕಿಲ್ಲ. ಕಡಲೆಕಾಯಿ ಕೊಟ್ಟರೆ ಬೇಡ ಅನ್ನದೆ ಮೆಟ್ಟಿಲ ಮೇಲೆ ಕೂತು ತಿಂದಳು. ಅಷ್ಟಕ್ಕೇ ನನಗೆ ಇಷ್ಟವಾದಳು.

ಮಂಗಳಚಿತ್ರದ ವಿಷಯ ಈಗಿನವರಿಗೆ ಹೇಳಬೇಕಾಗಿಲ್ಲ. ಆದರೂ ನನಗೆ ಅವಳು ತಿಳಿಸಿದಂತೆ ಹೇಳಿಬಿಡುತ್ತೇನೆ. ನಿಜವಾಗಿ ನಡೆದು ಹೋದ ಒಂದು ಕೇಡನ್ನು ಯಂತ್ರಕ್ಕೆ ಉಣಿಸುತ್ತಾರೆ. ವಿಚಾರಣೆಯ ವರದಿ, ಹಾಜರಿ ಪುಸ್ತಕ, ಆಸ್ಪತ್ರೆ ಚೀಟಿ, ಮದುವೆಯ ವಿಡಿಯೋ, ಕೊನೆಗೆ ಅವತ್ತಿನ ಗಾಳಿ ಬಿಸಿಲು ಕೂಡ. ಯಂತ್ರ ಆ ದಿನವನ್ನು ಇದ್ದ ಹಾಗೇ ಮತ್ತೆ ಕಟ್ಟುತ್ತದೆ. ಆಮೇಲೆ ಎಲ್ಲಿ, ಎಷ್ಟು ಕಡಿಮೆ ಬದಲಾಯಿಸಿದರೆ ಕೇಡು ತಪ್ಪುತ್ತಿತ್ತು ಎಂದು ಹುಡುಕಿ, ಕೇಡು ತಪ್ಪಿದ ಆ ದಿನವನ್ನು ಚಿತ್ರವಾಗಿ ತೋರಿಸುತ್ತದೆ. ಬದಲಾವಣೆಗೂ ಒಂದು ತೂಕವಿದೆ; ಅದನ್ನು ಗುಂಜಿಯಲ್ಲಿ ಅಳೆಯುತ್ತಾರೆ, ಅಕ್ಕಸಾಲಿಗರ ಗುಲಗಂಜಿಯ ಲೆಕ್ಕ. ಮೊದಮೊದಲು ಸೋತ ರಾಜರನ್ನೆಲ್ಲ ಗೆಲ್ಲಿಸಿ ಚಿತ್ರ ತೆಗೆದರಂತೆ. ಎಲ್ಲಿಂದಲೋ ಆನೆಗಳು ಬಂದವು, ಫಿರಂಗಿಗಳು ಬಂದವು. ಅರವತ್ತು ಸಾವಿರ ಗುಂಜಿ ಬದಲಾವಣೆ! ಜನ ಚಪ್ಪಾಳೆ ಹೊಡೆದು, ಪಾಪ್‌ಕಾರ್ನ್ ತಿಂದು, ಮರೆತರು. ಬದಲಾವಣೆ ಹತ್ತು ಗುಂಜಿಗಿಂತ ಕಡಿಮೆಯಿದ್ದರೆ ಮಾತ್ರ ನೋಡುವವನ ಎದೆ ಕರಗುತ್ತದೆ ಎಂದು ಆಮೇಲೆ ತಿಳಿಯಿತು. "ಅಯ್ಯೋ, ಇಷ್ಟೇ ಇಷ್ಟಕ್ಕೆ ತಪ್ಪಿಹೋಯ್ತಲ್ಲ ಅನ್ನಿಸ್ಬೇಕು ತಾತ. ಆಗ ಜನ ಅತ್ತು ಹಗುರಾಗಿ ಮನೆಗೆ ಹೋಗ್ತಾರೆ," ಅಂದಳು ಮೇದಿನಿ.

ನಮ್ಮ ಕೇಡು ತೊಂಬತ್ತೊಂಬತ್ತನೇ ಇಸವಿ ಜನವರಿಯದು. ಮೂರನೇ ಶಾಫ್ಟಿನ ಬಾವಿಯಲ್ಲಿ ಮಧ್ಯಾಹ್ನದ ಪಾಳಿಯ ಮೊದಲ ಕೇಜು, ಅದೇ ಆಳು ಇಳಿಸುವ ಕಬ್ಬಿಣದ ತೊಟ್ಟಿಲು, ಎರಡು ಗಂಟೆ ಒಂದು ನಿಮಿಷಕ್ಕೆ ಇಳಿಯಿತು. ಹನ್ನೊಂದು ಜನ. ಅವರು ತಳಕ್ಕೆ ಮುಟ್ಟಿ ಸುರಂಗದೊಳಗೆ ಕಾಲಿಟ್ಟಿದ್ದರು ಅಷ್ಟೇ, ಎರಡು ಒಂಬತ್ತಕ್ಕೆ ಒತ್ತಡ ತಾಳದೆ ಬಂಡೆ ಸಿಡಿಯಿತು. ಒಬ್ಬರೂ ಉಳಿಯಲಿಲ್ಲ. ಕೇಜಿನ ಬಾಗಿಲು ಹಾಕಿ, ಇಂಜಿನ್ ಮನೆಗೆ ಗಂಟೆ ಹೊಡೆದು ಅವರನ್ನು ಇಳಿಸಿದವನು ನಾನು. ಒಂದು ಗಂಟೆ ಹೊಡೆದರೆ ನಿಲ್ಲಿಸು, ಎರಡು ಹೊಡೆದರೆ ಇಳಿಸು, ಮೂರು ಹೊಡೆದರೆ ಎತ್ತು. ಒಂದೇ ಗಂಟೆ ಹೊಡೆದ ಮೇಲೆ ಮುಂದಿನ ಗಂಟೆ ಬರುವವರೆಗೆ ಗಂಟೆಯವನು ಜಾಗ ಬಿಟ್ಟು ಕದಲುವಂತಿಲ್ಲ. ಅವತ್ತು ನಾನು ಎರಡು ಹೊಡೆದೆ.

ಆ ಹನ್ನೊಂದು ಜನರಲ್ಲಿ ಕದಿರಪ್ಪನೂ ಇದ್ದ. ನನ್ನ ಜೀವದ ಗೆಳೆಯ, ಪಕ್ಕದ ಮನೆಯವನು. ಗಣಿಯ ಸಾಲುಮನೆಗಳು ನೀವು ನೋಡಿಲ್ಲ ಅಂತ ಕಾಣುತ್ತದೆ. ಎರಡು ಮನೆಗಳ ನಡುವೆ ಒಂದೇ ಗೋಡೆ. ಆಚೆ ಮನೆಯಲ್ಲಿ ಒಗ್ಗರಣೆ ಹಾಕಿದರೆ ಈಚೆ ಮನೆಯವನು ಕೆಮ್ಮಬೇಕು. ಕದಿರಪ್ಪ ಹೋದಾಗ ಅವನ ಹೆಂಡತಿ ಅಂಜಿನಮ್ಮನಿಗೆ ಇಪ್ಪತ್ತನಾಲ್ಕು. ಮಕ್ಕಳಿರಲಿಲ್ಲ. ಸ್ಕೂಲಿನಲ್ಲಿ ಆಯಾ ಕೆಲಸ ಸಿಕ್ಕಿತು, ತವರಿಗೆ ಹೋಗದೆ ಅಲ್ಲೇ ಉಳಿದಳು. ನನಗೆ ಮದುವೆ ಅನ್ನುವುದು ಆಗಲೇ ಇಲ್ಲ. ಅವಳು ಅಡಿಗೆ ಮಾಡಿ ಸೌಟಿನಿಂದ ಗೋಡೆಗೆ ಮೂರು ಸಲ ಕುಟ್ಟುತ್ತಿದ್ದಳು. ಎತ್ತು, ಅಂದರೆ ತಟ್ಟೆ ಎತ್ತಿಕೊಂಡು ಬಾ. ರಾತ್ರಿ ಎರಡು ಕುಟ್ಟಿದರೆ ದೀಪ ಇಳಿಸಿ ಮಲಗುತ್ತೇನೆ ಅಂತ. ಒಂದು ಕುಟ್ಟುವ ಪ್ರಸಂಗ ನಮ್ಮ ಮಧ್ಯೆ ಬಂದಿರಲಿಲ್ಲ. ಊರವರು ಒಂದಷ್ಟು ವರ್ಷ ಆಡಿಕೊಂಡರು. ಆಡಿಕೊಳ್ಳುವುದಕ್ಕೆ ಏನೂ ಸಿಗದೆ ಬೇಜಾರಾಗಿ ಬಿಟ್ಟರು.

ಇನ್ನೊಂದು ಹೇಳಬೇಕು. ನಾನು ಈಚೆ ಸೀನಿದರೆ ಸಾಕು, ಆಚೆಯಿಂದ, "ಕೂತ್ಕೊಂಡು ನೀರು ಕುಡಿಯಣ್ಣಾ!" ಅನ್ನುವ ಕೂಗು ಬರುತ್ತಿತ್ತು. ಒಂಟಿ ಸೀನು ಅಪಶಕುನ, ಹೊರಟವನು ಕೂತು, ನೀರು ಕುಡಿದು ಹೋಗಬೇಕು. ಜೋಡಿ ಸೀನಾದರೆ ಶುಭ, ನಡಿ ಮುಂದಕ್ಕೆ. ಭೂಮಿಯೊಳಗೆ ಮೈಲಿಗಟ್ಟಲೆ ಇಳಿಯುವವರಿಗೆ ಇವೆಲ್ಲ ದೇವರ ಕಾನೂನು ಇದ್ದ ಹಾಗೆ. ಯಾವ ಮ್ಯಾನೇಜರ್ ಬಂದರೂ ಇದನ್ನು ಮುರಿಯಲಾಗಲಿಲ್ಲ.

ಮೇದಿನಿಯ ಪ್ರಯೋಗಶಾಲೆ ಹಳೇ ಗಣಿ ಕ್ಲಬ್ಬಿನಲ್ಲಿತ್ತು. ಸಾಹೇಬರು ಬಿಲಿಯರ್ಡ್ಸ್ ಆಡುತ್ತಿದ್ದ ಹಾಲಿನ ತುಂಬ ಈಗ ಯಂತ್ರಗಳು. ನನ್ನನ್ನು ಒಂದು ಕುರ್ಚಿಯಲ್ಲಿ ಕೂರಿಸಿ ಪರದೆ ಹಚ್ಚಿದಳು. ಇಪ್ಪತ್ತೆಂಟು ವರ್ಷದ ನಾನು ಶಾಫ್ಟಿನ ಬಾಯಲ್ಲಿ ನಿಂತಿದ್ದೆ. ತಲೆತುಂಬ ಕೂದಲು! ಕದಿರಪ್ಪ ಹೆಲ್ಮೆಟ್ಟು ಓರೆ ಮಾಡಿಕೊಂಡು ಬಂದು, ನನ್ನ ಕೈಗೆ ಒಂದು ಟಿಫಿನ್ ಕ್ಯಾರಿಯರ್ ಕೊಟ್ಟು ಕೇಜು ಹತ್ತಿದ. ಸತ್ತವನನ್ನು ಹೀಗೆ ನಡೆಸಬಾರದು ಕಣ್ರಯ್ಯ, ಹೇಳಿ ಕೇಳಿ ನಡೆಸಬೇಕು.

"ತಾತ, ಇಲ್ಲಿ ನೋಡಿ," ಅಂದಳು ಮೇದಿನಿ. "ನೀವು ಒಂದ್ಸಲ ಸೀನಿದ್ರಿ. ಎಲ್ರೂ ಕೇಜಿಂದ ಇಳಿಯೋಕೆ ಶುರು ಮಾಡಿದ್ರು. ಅಷ್ಟರಲ್ಲಿ ಎರಡನೇ ಸೀನು ಬಂತು. ಜೋಡಿ ಆಯ್ತಲ್ಲ ಅಂತ ನಗ್ತಾ ವಾಪಸ್ ಹತ್ತಿದ್ರು. ಲ್ಯಾಂಪ್ ರೂಮಿನ ಗುಮಾಸ್ತರ ಹೇಳಿಕೇಲಿ ಹೀಗಿದೆ. ನಿಜಾನಾ?"

"ನಿಜ."

"ಎರಡನೇ ಸೀನು ತೆಗೆದ್ರೆ ಅವರು ಕೂತು ನೀರು ಕುಡೀತಿದ್ರು. ಎರಡು ಒಂಬತ್ತಕ್ಕೆ ಎಲ್ರೂ ಮೇಲೇ ಇರ್ತಿದ್ರು. ನಾನು ಇಷ್ಟು ವರ್ಷದಲ್ಲಿ ಇಷ್ಟು ಚಿಕ್ಕ ತಿರುವು ನೋಡೇ ಇಲ್ಲ." ಅವಳು ಪರದೆಯ ಮೇಲಿನ ಅಂಕಿಗೆ ಬೆರಳಿಟ್ಟು, "ಆದ್ರೆ ಲೆಕ್ಕ ಕೂಡ್ತಿಲ್ಲ ತಾತ. ಮೈಗೆ ತಾನಾಗಿ ಬರೋದು, ಕೆಮ್ಮು, ಸೀನು, ಆಕಳಿಕೆ, ಇವನ್ನ ಬದಲಾಯಿಸೋದು ಭಾರ. ಐದು ಗುಂಜಿ ಆದ್ರೂ ಆಗುತ್ತೆ. ಮನಸ್ಸು ಮಾಡಿ ಮಾಡಿದ್ದು ಹಗುರ. ಯಾಕಂದ್ರೆ ಮನುಷ್ಯ ಯಾವಾಗ ಬೇಕಾದ್ರೂ ಮನಸ್ಸು ಬದಲಾಯಿಸ್ಬಹುದಲ್ಲ? ನಿಮ್ಮ ಎರಡನೇ ಸೀನು ಅರ್ಧ ಗುಂಜಿನೂ ತೂಗ್ತಿಲ್ಲ. ಯಾಕೆ ಅಂತ ಯಂತ್ರ ಹೇಳಲ್ಲ, ತೂಕ ಮಾತ್ರ ಹೇಳುತ್ತೆ," ಅಂದಳು.

"ಯಂತ್ರಕ್ಕೇ ನೆಗಡಿ ಆಗಿರ್ಬೇಕು, ಕಷಾಯ ಕುಡ್ಸು," ಅಂದೆ.

ಅವಳು ನಕ್ಕಳು. ಆದರೆ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

ಯಂತ್ರಕ್ಕೆ ನೆಗಡಿ ಆಗಿರಲಿಲ್ಲ. ಮೊದಲ ಸೀನು ನಿಜ, ಎರಡನೆಯದು ನಾನು ಬೇಕಂತಲೇ ಸೀನಿದ್ದು. ಕಾರಣ ಕೇಳಿದರೆ ನೀವು ಉಗಿಯುತ್ತೀರಿ, ಉಗಿಯಿರಿ. ನಿನ್ನ ಪಾಲು ತಿನ್ನು ಅಂತ ಕದಿರಪ್ಪ ಕೊಟ್ಟ ಕ್ಯಾರಿಯರಿನಲ್ಲಿ ಮುದ್ದೆ ಮತ್ತು ಅಂಜಿನಮ್ಮ ಮಾಡಿದ ಹಿತುಕಿದ ಅವರೆಬೇಳೆ ಸಾರು ಇತ್ತು. ಅವತ್ತು ನಾನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಕ್ಯಾರಿಯರಿನ ಬಿಸಿ ಅಂಗೈಗೆ ತಾಗುತ್ತಿತ್ತು, ಮುಚ್ಚಳದ ಸಂದಿಯಿಂದ ಘಮ್ ಅಂತ ವಾಸನೆ ಬರುತ್ತಿತ್ತು. ಹನ್ನೊಂದು ಜನ ಕೆಳಗಿಳಿದು, ಒಬ್ಬೊಬ್ಬರೂ ಕೊಡದಿಂದ ನೀರು ಬಗ್ಗಿಸಿ ಕುಡಿದು, ಬೀಡಿ ಹಚ್ಚಿ, ಹರಟೆ ಹೊಡೆದು ಮತ್ತೆ ಹತ್ತುವುದೆಂದರೆ ಕಾಲು ಗಂಟೆ. ಸಾರು ಆರಿ ತಣ್ಣಗಾಗುತ್ತದೆ ಅಂದುಕೊಂಡು "ಆಕ್ಷೀ" ಎಂದೆ. ಅಷ್ಟೇ ಕಣ್ರಿ. ಅವರನ್ನು ಇಳಿಸಿ, ನನ್ನ ಗಂಟೆ ಗೂಡಿನಲ್ಲಿ ಕೂತು ಮುದ್ದೆ ಮುರಿದು ಎರಡನೇ ತುತ್ತು ನುಂಗುವಾಗ ನೆಲ ಅಲುಗಿತು.

ವಿಚಾರಣೆ ನಡೆಯಿತು, ಸಾಹೇಬರು ಬಂದರು, ಹೋದರು. ಸೀನಿದವನ ಮೇಲೆ ಯಾರು ಕೇಸು ಹಾಕುತ್ತಾರೆ? ನಾನೂ ಬಾಯಿ ಬಿಡಲಿಲ್ಲ. ಪ್ರತಿ ಅವರೆಕಾಯಿ ಕಾಲದಲ್ಲಿ ಅಂಜಿನಮ್ಮ ಅದೇ ಸಾರು ಮಾಡಿ, ಗೋಡೆಗೆ ಮೂರು ಕುಟ್ಟಿ, "ನಿಂಗೆ ಇಷ್ಟ ಅಂತ ಜಾಸ್ತಿ ಮಾಡಿದೀನಿ," ಎನ್ನುತ್ತಿದ್ದಳು. ನಲವತ್ತಮೂರು ಚಳಿಗಾಲ ನಾನದನ್ನು ನುಂಗಿದ್ದೇನೆ.

ಮಂಗಳಚಿತ್ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ನಮ್ಮೂರಿನ ಹಳೇ ಟಾಕೀಸನ್ನೇ ರಿಪೇರಿ ಮಾಡಿ, ಕೂತವರ ನಾಡಿ ನೋಡುವ ಕುರ್ಚಿಗಳನ್ನು ಹಾಕಿದ್ದರು. ಜನರ ಎದೆಬಡಿತ ಏರಿದರೆ ಚಿತ್ರ ತಾನೇ ನಿಧಾನವಾಗುತ್ತದೆ. ಮೊದಲ ದಿನ ಅಂಜಿನಮ್ಮ ಬೀರುವಿನಿಂದ ಹಸಿರು ರೇಷ್ಮೆ ಸೀರೆ ತೆಗೆದು ಉಟ್ಟಳು. ನಾವಿಬ್ಬರೂ ಮುಂದಿನ ಸಾಲಿನಲ್ಲಿ ಕೂತೆವು. ಪರದೆಯ ಮೇಲಿನ ನಾನು ಒಂದೇ ಸಲ ಸೀನಿ, ಮೂಗೊರೆಸಿಕೊಂಡು ಸುಮ್ಮನಾದೆ. ಹನ್ನೊಂದು ಜನ ಗೊಣಗುತ್ತ ಇಳಿದರು. ನೀರು ಕುಡಿದರು. ಕದಿರಪ್ಪ ಕ್ಯಾರಿಯರ್ ಬಿಚ್ಚಿ, "ಬಾರೋ ಪಿಳ್ಳ, ಹೆಂಗೂ ಕೂತಿದೀವಿ, ಒಂದೊಂದು ತುತ್ತು ಹಾಕಣ," ಅಂದ. ಬೆಂಚಿನ ಮೇಲೆ ಕೂತು ಇಬ್ಬರೂ ಒಂದೇ ತಟ್ಟೆಯಲ್ಲಿ ತಿನ್ನುವಾಗ ನೆಲ ಅಲುಗಿತು. ಕೆಳಗೆ ಯಾರೂ ಇರಲಿಲ್ಲ. ಟಾಕೀಸಿನ ತುಂಬ ಜನ ಗೊಳೋ ಎಂದು ಅತ್ತರು. ಚಿತ್ರದಲ್ಲಿ ಸಂಜೆ ಕದಿರಪ್ಪ ಮನೆಗೆ ಹೋಗಿ ಖಾಲಿ ಕ್ಯಾರಿಯರ್ ಕೊಟ್ಟು, "ಸಾರು ಬೋ ಚೆನ್ನಾಗಿತ್ತು," ಅಂದ. ಹೊಸ್ತಿಲಲ್ಲಿ ನಿಂತಿದ್ದ ಚಿಕ್ಕ ಪ್ರಾಯದ ಅಂಜಿನಮ್ಮ ನಕ್ಕಳು. ನನ್ನ ಪಕ್ಕದಲ್ಲಿ ಮುದುಕಿ ಅಂಜಿನಮ್ಮನೂ ನಕ್ಕಳು. ಅಷ್ಟು ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ಊರಲ್ಲಿ ನನಗೆ ಎಲ್ಲಿಲ್ಲದ ಮರ್ಯಾದೆ. "ಒಂಟಿ ಸೀನು ತಾತ" ಅಂತ ಹೆಸರಿಟ್ಟರು. ಬೇರೆ ಊರಿಂದ ಬಂದವರು ಹಾರ ಹಾಕಿ, "ತಾತ, ಒಂದೇ ಒಂದ್ಸಲ ಸೀನಿ, ವಿಡಿಯೋ ಮಾಡ್ಕೊತೀವಿ," ಎನ್ನುತ್ತಿದ್ದರು. ಮಾಡದ ಪುಣ್ಯಕ್ಕೆ ಹಾರ! ನನ್ನ ಮನೆ ಮುಂದೆ ಜನ ತುಂಬಿದಷ್ಟೂ ನಾನು ಒಬ್ಬಂಟಿಯಾಗುತ್ತಾ ಹೋದೆ. ಅವರು ನೋಡಲು ಬಂದ ಪಿಳ್ಳಪ್ಪ ಬೇರೆ ಯಾರೋ.

ಅಂಜಿನಮ್ಮ ಪ್ರತಿ ಶುಕ್ರವಾರ ಟಾಕೀಸಿಗೆ ಹೋಗತೊಡಗಿದಳು. ಅದೇ ಹಸಿರು ಸೀರೆ, ಅದೇ ಸೀಟು. ಶುಕ್ರವಾರ ಊಟ ತಡವಾಯಿತು, ಮುಂದೆ ಶುಕ್ರವಾರದ ಊಟವೇ ನಿಂತಿತು. ಉಳಿದ ದಿನವೂ ಮೂರು ಕುಟ್ಟಿ, ತಟ್ಟೆಗೆ ಬಡಿಸಿ ಸುಮ್ಮನೆ ಕೂರುತ್ತಿದ್ದಳು. ಒಂದೇ ಮಾತು ಮಾತ್ರ ಮತ್ತೆ ಮತ್ತೆ.

"ಎರಡನೇದು ಬರಬಾರದಾಗಿತ್ತು, ಅಲ್ವಾ ಪಿಳ್ಳಣ್ಣಾ?"

"ಹೂಂ."

"ಅದೇನು ನಮ್ಮ ಕೈಲಿರುತ್ತಾ," ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನನ್ನು ಸಮಾಧಾನ ಮಾಡುತ್ತಿದ್ದಾಳೆ ಅಂದುಕೊಂಡು ನಾನು ತಲೆ ತಗ್ಗಿಸುತ್ತಿದ್ದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಮಾಧಾನ ತಡೆಯಲಾಗಲಿಲ್ಲ.

ಜನವರಿಯ ಒಂದು ಶನಿವಾರ ಮಧ್ಯಾಹ್ನ ನೆನೆಸಿದ ಅವರೆಕಾಳಿನ ಪಾತ್ರೆ ನಡುವೆ ಇಟ್ಟುಕೊಂಡು ಇಬ್ಬರೂ ಹೊರಗೆ ಜಗಲಿಯಲ್ಲಿ ಕೂತು ಕಾಳು ಹಿತುಕುತ್ತಿದ್ದೆವು. ಬೆರಳಲ್ಲಿ ಒತ್ತಿದರೆ ಸಿಪ್ಪೆಯಿಂದ ಬೇಳೆ ಚಿಮ್ಮುತ್ತದೆ. ಹೇಳಿಬಿಟ್ಟೆ. ಪಶ್ಚಾತ್ತಾಪಕ್ಕೆ ಹೇಳಿದೆ ಅಂದುಕೊಂಡು ನನಗೆ ದೊಡ್ಡ ಮನುಷ್ಯನ ಪಟ್ಟ ಕಟ್ಟಬೇಡಿ. ಅವಳು ಆ ಪರದೆಯ ಪಾಲಾಗುತ್ತಿದ್ದಳು. ಜಗಳಕ್ಕಾದರೂ ಸರಿ, ನನ್ನ ಕಡೆ ತಿರುಗಲಿ ಅಂತ ಹೇಳಿದೆ. ಸೀನಿದ್ದು, ಹಸಿವಾಗಿದ್ದು, ಅಂಗೈಗೆ ತಾಗಿದ ಬಿಸಿ, ಸಾರು ಆರಿಹೋಗುತ್ತದೆ ಅಂದುಕೊಂಡಿದ್ದು, ಒಂದೂ ಬಿಡಲಿಲ್ಲ.

ಅಂಜಿನಮ್ಮನ ಬೆರಳು ನಿಂತಿತು.

"ಸೀನು ಗೊತ್ತಿತ್ತು," ಅಂದಳು.

"ಗೊತ್ತಿತ್ತಾ?" ಅಂದೆ.

"ಈ ಗೋಡೆ ಆಚೆ ನಲವತ್ಮೂರು ವರ್ಷದಿಂದ ಇದೀನಲ್ಲೋ. ಯಾವತ್ತಾದ್ರೂ ನೀನು ಎರಡು ಸಲ ಸೀನಿದ್ದುಂಟಾ? ನೆಗಡಿ ಬಂದು ಹಾಸಿಗೆ ಹಿಡಿದಾಗ್ಲೂ ಒಂದೇ. ಮೊದಲನೇ ವರ್ಷವೇ ತಿಳೀತು. ನೀನು ಸೀನಿದಾಗೆಲ್ಲ ನೀರು ಕುಡಿ ಅಂತ ಕೂಗ್ತಿದ್ದೆ, ಇವತ್ತಾದ್ರೂ ಬಂದು ಹೇಳ್ತೀಯೇನೋ ಅಂತ. ಈ ಸಿನಿಮಾ ಬಂದ ಮೇಲೆ ಬಾಯಿಬಿಟ್ಟೇ ಕೇಳ್ದೆ, ಎರಡನೇದು ಬರಬಾರದಾಗಿತ್ತು ಅಲ್ವಾ ಅಂತ. ನೀನು ಹೂಂ ಅಂದೆ."

"ಗೊತ್ತಿದ್ದೂ ನಂಗೆ ಅನ್ನ ಹಾಕಿದ್ಯಾ?"

"ಮೇಲಿನವರ ಭಯಕ್ಕೆ ಮಾಡಿರ್ತಾನೆ ಅಂದ್ಕೊಂಡೆ. ಹಿಂದೆ ಮುಂದೆ ಯಾರೂ ಇಲ್ದೋನು, ಕೇಜು ತಡ ಆಯ್ತು ಅಂತ ಕೆಲಸ ಕಿತ್ಕೊಂಡ್ರೆ ಎಲ್ಲಿಗೆ ಹೋದಾನು ಅಂತ. ಸಿಟ್ಟು ಬಂತು, ಅತ್ತೆ, ಬಿಟ್ಟೆ." ಅವಳು ತನ್ನ ಎರಡು ಕೈ ಎತ್ತಿ ನೋಡಿಕೊಂಡಳು. ಬೆರಳಿಗೆಲ್ಲ ಅವರೆ ಸಿಪ್ಪೆ ಅಂಟಿತ್ತು. "ಸಾರು ಗೊತ್ತಿರ್ಲಿಲ್ಲ ಪಿಳ್ಳಣ್ಣಾ."

"ಅಂಜಿನಮ್ಮಾ..."

"ನಮ್ಮನೆಯವರು ಬೆಳಿಗ್ಗೇನೇ ಹೇಳಿದ್ರು, ಮೊಸರನ್ನ ಸಾಕು ಅಂತ. ನಾನೇ ಕೇಳ್ಲಿಲ್ಲ. ಪಿಳ್ಳಣ್ಣಂಗೂ ಆಯ್ತದೆ, ಬಿಸಿ ಇದ್ದಾಗ್ಲೇ ಕೊಡಿ ಅಂತ ಓಡೋಡಿ ಮಾಡಿ ಕಟ್ಕೊಟ್ಟೆ." ಅವಳ ದನಿ ಏರಲಿಲ್ಲ. "ಸೀನು ನಿಂದಾಗಿತ್ತು. ಅದೊಂದು ನಿಂದೇ ಆಗಿರ್ಲಿ ಅಂತ ಬಿಡ್ಬಾರ್ದಾಗಿತ್ತಾ? ನಂಗ್ಯಾಕೆ ಹೇಳ್ದೆ?"

ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿದ ಸದ್ದು ಅವಳ ಮನೆಯಿಂದಲೂ, ನಡುಗೋಡೆ ದಾಟಿ ನನ್ನ ಮನೆಯೊಳಗಿಂದಲೂ ಕೇಳಿಸಿತು.

ಆಗ ನನಗೆ ಹೊಳೆಯಿತು ನಾನು ಮಾಡಿದ ಕೆಲಸ. ನನ್ನೊಬ್ಬನ ಮೇಲಿದ್ದ ಭಾರ ಇಳಿಸಿಕೊಳ್ಳಲು ಹೋಗಿ ಅವಳ ತಲೆಮೇಲೆ ಹೊರಿಸಿದ್ದೆ. ಅವಳಿಗಿದ್ದ ಒಂದೇ ಶುಕ್ರವಾರವನ್ನೂ ಕಿತ್ತುಕೊಂಡಿದ್ದೆ. ಪರದೆಯ ಮೇಲಿನ ಕದಿರಪ್ಪ ಸಾರು ಬೋ ಚೆನ್ನಾಗಿತ್ತು ಅಂದರೆ ಇನ್ನು ಅವಳು ನಗುವುದು ಹೇಗೆ? ಮುಂದಿನ ಶುಕ್ರವಾರ ಟಾಕೀಸಿನ ಮ್ಯಾನೇಜರ್ ಬಂದು, "ಅಜ್ಜಿ ಯಾಕೆ ಬರ್ಲಿಲ್ಲ? ಹುಷಾರಿಲ್ವಾ?" ಎಂದು ಕೇಳಿದ.

ಮರುದಿನ ಕ್ಲಬ್ಬಿಗೆ ನಡೆದುಕೊಂಡೇ ಹೋದೆ. ಮೇದಿನಿ ಯಂತ್ರಗಳನ್ನು ಪೆಟ್ಟಿಗೆಗೆ ತುಂಬಿಸುತ್ತಿದ್ದಳು.

"ನಿನ್ನ ಯಂತ್ರ ಸರಿಯಾಗೇ ಇದೆ ಮಗಳೇ. ನೆಗಡಿ ಗಿಗಡಿ ಏನೂ ಇಲ್ಲ," ಅಂದೆ.

ಅವಳು ಪೆಟ್ಟಿಗೆ ಬಿಟ್ಟು ನನ್ನ ಕೈ ಹಿಡಿದುಕೊಂಡಳು. "ನಾನು ಯಾರಿಗೂ ಹೇಳಲ್ಲ ತಾತ. ಆದ್ರೆ ಒಂದು ಕೇಳ್ತೀನಿ. ಅದಕ್ಕಿಂತ ಹಗುರವಾದ ಇನ್ನೊಂದು ತಿರುವು ಅವತ್ತು ಎಲ್ಲೋ ಇದೆ ಅಂತ ಯಂತ್ರ ತೋರಿಸ್ತಿದೆ. ಕಾಲು ಗುಂಜಿ. ಆ ದಿನ ಬೆಳಿಗ್ಗೆ, ಶಾಫ್ಟಿನ ಹೊರಗೆ ಎಲ್ಲೋ. ಎಲ್ಲಿ ಅಂತ ಗೊತ್ತಾಗ್ತಿಲ್ಲ. ನಿಮಗೆ ಗೊತ್ತಾ?"

ಒಂದು ಅಡಿಗೆಮನೆ, ಒಲೆ, ಓಡೋಡಿ ಸಾರು ಕುದಿಸುತ್ತಿದ್ದ ಇಪ್ಪತ್ತನಾಲ್ಕು ವರ್ಷದ ಹೆಂಗಸು.

"ಗೊತ್ತಿಲ್ಲ," ಅಂದೆ. "ಹುಡುಕ್ಬೇಡ. ನನ್ನ ಸೀನೇ ಎಲ್ಲಕ್ಕಿಂತ ಚಿಕ್ಕದು ಅಂತ ಬರ್ಕೋ." ನನ್ನ ಬದುಕಿನಲ್ಲಿ ನಾನು ಹೇಳಿದ ಎರಡನೇ ದೊಡ್ಡ ಸುಳ್ಳು ಅದು. ಅವಳು ಸ್ವಲ್ಪ ಹೊತ್ತು ನನ್ನನ್ನು ನೋಡಿ, ಪರದೆ ಆರಿಸಿದಳು.

ಗೋಡೆ ಸುಮ್ಮನಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ ತಟ್ಟೆ ತೊಳೆದು ಕೈಯಲ್ಲಿ ಹಿಡಿದು ಕೂರುತ್ತಿದ್ದೆ, ಅಭ್ಯಾಸಬಲ. ಒಂದು ಗಂಟೆಗೆ ತಟ್ಟೆ ಇಟ್ಟು ಅವಲಕ್ಕಿ ನೆನೆಸಿಕೊಳ್ಳುತ್ತಿದ್ದೆ. ಆಚೆ ಪಾತ್ರೆ ಸದ್ದು ಕೇಳಿದರೆ ಸದ್ಯ, ಇದ್ದಾಳೆ ಅಂದುಕೊಳ್ಳುತ್ತಿದ್ದೆ. ಒಗ್ಗರಣೆಯ ವಾಸನೆ ಬರಲೇ ಇಲ್ಲ. ಮೊಸರನ್ನಕ್ಕೆ ಒಗ್ಗರಣೆ ಹಾಕಲೇಬೇಕು ಅಂತೇನಿಲ್ಲ ನೋಡಿ.

ಹನ್ನೊಂದನೇ ದಿನ ಮಧ್ಯಾಹ್ನ, ಬಿಸಿಲು ಹೊಸ್ತಿಲ ತನಕ ಬಂದಿದ್ದಾಗ, ನನಗೆ ಸೀನು ಬಂತು. ಒಂದೇ. ನನ್ನದು ಯಾವಾಗಲೂ ಒಂದೇ ಎಂದು ಈಗ ನನಗೂ ಗೊತ್ತು. ಸೀನಿ, ಉಸಿರು ಬಿಗಿ ಹಿಡಿದು ಕಾದೆ. ಆಚೆಯಿಂದ ಕೂಗು ಬರಲಿಲ್ಲ. ನಾನೇ ಎದ್ದು ಕೊಡದಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಕುಡಿದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ನೋಡುವವರು ಯಾರಿದ್ದಾರೆ?

ಆಗ ನನ್ನ ಬೆನ್ನಿಗೆ ತಾಗುವ ಹಾಗೆ ಗೋಡೆಯ ಮೇಲೆ ಸೌಟಿನ ಏಟು ಬಿತ್ತು.

ಒಂದು.

ಎರಡನೆಯದಕ್ಕೆ ಕಾದೆ. ಮೂರನೆಯದಕ್ಕೆ ಕಾದೆ. ಬರಲಿಲ್ಲ. ಒಂದೇ ಗಂಟೆ, ನಿಲ್ಲಿಸು. ಇಳಿಸಬೇಡ, ಎತ್ತಬೇಡ, ಇದ್ದಲ್ಲೇ ಇರು. ಅಷ್ಟು ಮಾತ್ರ ಅವಳು ಹೇಳಿದ್ದು. ಸಿಟ್ಟೋ ಕರುಣೆಯೋ ನನಗೆ ಗೊತ್ತಿಲ್ಲ, ಕೇಳುವ ಅಧಿಕಾರವೂ ನನಗಿಲ್ಲ. ಒಂದೇ ಗಂಟೆ ಹೊಡೆದ ಮೇಲೆ ಮುಂದಿನ ಗಂಟೆ ಬರುವವರೆಗೆ ಗಂಟೆಯವನು ಜಾಗ ಬಿಡುವಂತಿಲ್ಲ.

ನಾನು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೇನೆ. ಜಾಗ ಬಿಟ್ಟಿಲ್ಲ.